ಪೇರಲೆ ಮರದ ಗೂಟಿ

ಮಂಕಿ ಎಂಬ ಊರಿನ ಹೇಮಾಳ ಕೈ ತಾಗಿದರೆ ಒಣಕೋಲೂ ಚಿಗುರುತ್ತದೆ ಎಂದು ಊರವರು ಹೇಳುತ್ತಿದ್ದರು. ಹಾಲಿನ ಪ್ಯಾಕೆಟ್ಟುಗಳಲ್ಲಿ ಮಲ್ಲಿಗೆ, ದಾಸವಾಳದ ತುಂಡು ಊರಿ ಬೇರು ಬರಿಸುವುದು ಅವಳಿಗೆ ಬಸಳೆ ಬೆಳೆಸಿದಷ್ಟೇ ಸುಲಭ. ಈ ಮಳೆಗಾಲದಲ್ಲಿ ಅವಳ ಕಣ್ಣು ಹಿತ್ತಲಿನ ಕೆಂಪು ಪೇರಲೆ ಮರದ ಮೇಲೆ ಬಿತ್ತು. ಬೆರಳು ದಪ್ಪದ ಕೊಂಬೆಗಳಲ್ಲಿ ಉಂಗುರದಂತೆ ಸಿಪ್ಪೆ ಸುಲಿದು, ಒದ್ದೆ ತೆಂಗಿನ ನಾರು ಸುತ್ತಿ, ಪ್ಲಾಸ್ಟಿಕ್ಕಿನಿಂದ ಬಿಗಿದು ಗೂಟಿ ಕಟ್ಟಿದಳು. ಒಳಗೆ ಬೇರು ಬಿಟ್ಟ ಮೇಲೆ ಕೊಂಬೆ ಕತ್ತರಿಸಿ ನೆಟ್ಟರೆ ಅದೇ ಹೊಸ ಗಿಡ.

ಆದರೆ ಕಟ್ಟಿದ ಗೂಟಿ ನಿಲ್ಲಲಿಲ್ಲ. ಮೊದಲ ಸಲ ಬಿಚ್ಚಿಕೊಂಡಾಗ ಅಳಿಲಿರಬೇಕು ಅಂದುಕೊಂಡಳು. ಮತ್ತೆ ಕಟ್ಟಿದಳು. ಮತ್ತೆ ಬಿಚ್ಚಿತ್ತು, ಅದೂ ದಾರದ ಗಂಟು ನಾಜೂಕಾಗಿ ಬಿಡಿಸಿಟ್ಟಂತೆ. ಅಳಿಲು ಗಂಟು ಬಿಡಿಸುತ್ತದೆಯೇ?

ಬೇಲಿಯಾಚೆ ಜಟ್ಟಿಯ ಮನೆ. ಪೇರಲೆ ಎಲೆ ತನ್ನ ಅಂಗಳಕ್ಕೆ ಬೀಳುತ್ತದೆಂದು ಅವನು ಗೊಣಗಿದ್ದುಂಟು. ಅವನು ಕೆಮ್ಮಿದರೂ ಹೇಮಾಳ ಕಿವಿ ನೆಟ್ಟಗಾಗುತ್ತಿತ್ತು. ಕೊನೆಗೆ ತಡೆಯಲಾಗದೆ ಕೇಳಿಯೇಬಿಟ್ಟಳು.

"ಜಟ್ಟಣ್ಣ, ನಮ್ಮ ಮರದ ಗಂಟು ನಿಮಗೆಂತ ಮಾಡ್ತು?"

"ನಿನ್ನ ಗಂಟು ಬಿಚ್ಚುಕೆ ನಂಗೆಂತ ಮಳ್ಳಾ?" ಎಂದು ಅವನು ಬೇಲಿಬಾಗಿಲಿನ ದಣಪೆ ಎಳೆದುಕೊಂಡ. ಅವನ ಹೆಂಡತಿ ಬಾವಿಕಟ್ಟೆಯಲ್ಲಿ ಸಿಕ್ಕರೂ ಹೇಮಾಳ ಜೊತೆ ಮಾತು ಬಿಟ್ಟಳು.

ಒಂದು ಮಧ್ಯಾಹ್ನ ಪೇಟೆಗೆ ಹೊರಟ ಹೇಮಾ ಕೊಡೆ ಮರೆತು ಹಿಂದಿರುಗಿದಳು. ಹಿತ್ತಲಲ್ಲಿ ಅತ್ತೆ ಗಂಗಿ ಸ್ಟೂಲಿನ ಮೇಲೆ ನಿಂತು, ಗೂಟಿ ಬಿಚ್ಚಿ, ಸುಲಿದ ಜಾಗಕ್ಕೆ ಸಗಣಿ ಮೆತ್ತುತ್ತಿದ್ದಳು.

"ಅತ್ತೆ, ನೀವಾ?"

ಗಂಗಿ ಬೆದರಲಿಲ್ಲ. "ಬ್ಯಾಡದ ಮರ ಒಣಗ್ಸುಕೆ ಹಿಂದೆ ಹಿಂಗೇ ಸುತ್ತ ಸಿಪ್ಪೆ ತೆಗಿತಿದ್ರು. ನೀನೂ ಮರ ಸಾಯ್ಸಿ ಇಲ್ಲಿ ಬಚ್ಚಲ ಕಟ್ಟುಕೆ ನೋಡ್ತೆ ಅಂದ್ಕಂಡೆ. ನನ್ನ ಮಗ ಹುಟ್ಟಿದ ವರ್ಷ ನೆಟ್ಟ ಮರ ಇದು."

ಹೇಮಾ ಸಿಟ್ಟು ನುಂಗಿ, ಎಲೆಮರೆಯಲ್ಲಿ ಉಳಿದಿದ್ದ ಒಂದೇ ಗೂಟಿ ತೋರಿಸಿದಳು. ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರು ಹೆಣೆದುಕೊಂಡಿತ್ತು. "ಕಾಂಡ ಮುಟ್ಲಿಲ್ಲ ಅತ್ತೆ, ಕೊಂಬೆಗೆ ಮಾತ್ರ."

ಗಂಗಿ ಬೆರಳಿಂದ ಒತ್ತಿ ನೋಡಿದಳು. "ಆತು, ಕಟ್ಟು. ಆದ್ರೆ ನಾ ಎದುರಿಗಿದ್ದಾಗ ಕಟ್ಟು."

ಆ ಕೊಂಬೆ ಕತ್ತರಿಸಿ ನೆಟ್ಟ ಗಿಡ ಚಿಗುರಿದ ಮೇಲೆ ಹೇಮಾ ಅದನ್ನು ಹಿಡಿದು ಜಟ್ಟಿಯ ಮನೆಗೆ ಹೋದಳು.

"ತಪ್ಪಾತು ಜಟ್ಟಣ್ಣ. ಬಿಚ್ಚಿದ್ದು ನಮ್ಮತ್ತೆ."

ಜಟ್ಟಿ ಗಿಡ ಮುಟ್ಟದೆ ಬಗ್ಗಿ ನೋಡಿದ. "ಬುಡದಾಗೆ ಎಂತ ಇಟ್ಟಿದ್ದೆ? ಮಾಟವಾ?"

"ಮಣ್ಣು, ನಾರು. ಮತ್ತೆಂತ ಇರ್ತು?"

ಅವನು ತೆಗೆದುಕೊಂಡದ್ದೇನೋ ಹೌದು. ನೆಟ್ಟದ್ದು ಮಾತ್ರ ದಣಪೆಯ ಹೊರಗೆ.