ಪೇದೆ ಈರಣ್ಣನಿಗೊಂದು ಸ್ಟೆಟ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಪ್ಪು ನನ್ನದೇ. ಕೆಂಪು ಪೆನ್ನೂ ನನ್ನದೇ. ನಗುವವರು ಇಲ್ಲೇ ನಕ್ಕು ಮುಂದೆ ಓದಿ.

ಇಳಕಲ್ಲಿನ ನೇಕಾರ ಗೆಳೆಯರು ಕಾರಹುಣ್ಣಿಮೆಗೆ ನಾಟಕ ಆಡಲು ಹೊರಟಿದ್ದಾರೆ. ಬರೆದವರು, ಆಡಿಸುವವರು, ಹಾರ್ಮೋನಿಯಂ ಹಿಡಿಯುವವರು ಮೂವರೂ ಒಬ್ಬರೇ: ಶೇಖಪ್ಪ ಮಾಸ್ತರು. ಹೋದ ತಿಂಗಳು ಅವರು ಬಾಗಲಕೋಟೆಯ ನಮ್ಮ ಪತ್ರಿಕೆ ಆಫೀಸಿಗೆ ಬಂದು ನಾಟಕದ ಕೈಬರಹದ ಕಟ್ಟನ್ನು ನನ್ನ ಟೇಬಲ್ ಮೇಲೆ ಇಟ್ಟರು. "ಪೇಪರ್‌ನ್ಯಾಗ ಅದೀರಿ. ಒಂಚೂರು ಎಡಿಟ್ ಮಾಡಿ ಕೊಡ್ರಿ" ಅಂದರು.

ಎಡಿಟ್! ಆ ಪದ ಕಿವಿಗೆ ಬಿದ್ದರೆ ನನ್ನಂಥ ಹೊಸ ಸಬ್ ಎಡಿಟರ್‌ಗೆ ಕೋಡು ಮೂಡುತ್ತವೆ. ಎಡಿಟ್ ಅಂದರೆ ತಿದ್ದುವುದು, ಜೋಡಿಸುವುದು, ಹೊಂದಿಸುವುದು. (ಇದು ಡಿಕ್ಷನರಿಯಲ್ಲಿ.) ನನ್ನ ಟೇಬಲ್ ಮೇಲೆ ಅದಕ್ಕೆ ಒಂದೇ ಅರ್ಥ. ಕತ್ತರಿಸುವುದು.

ಮೂರನೇ ಅಂಕದಲ್ಲಿ ಪೊಲೀಸ್ ಪೇದೆ ಬಂದು ಸೆಲ್ಯೂಟ್ ಹೊಡೆದು, "ಸಾಹೇಬ್ರ, ಕಳ್ಳ ಊರು ಬಿಟ್ಟು ಓಡಿ ಹೋಗ್ಯಾನ್ರಿ" ಎನ್ನುತ್ತಾನೆ. ಕೂಡಲೇ ಇನ್ಸ್‌ಪೆಕ್ಟರ್ ಜನರ ಕಡೆ ತಿರುಗಿ, "ಏನು, ಕಳ್ಳ ಊರು ಬಿಟ್ಟು ಓಡಿ ಹೋದನೆ?" ಎನ್ನುತ್ತಾನೆ. ಒಂದೇ ಸುದ್ದಿ ಎರಡು ಸಲ ಯಾಕೆ? ಪೇದೆಯ ಮಾತಿನ ಮೇಲೆ ಕೆಂಪು ಗೆರೆ ಎಳೆದೆ. ಇಡೀ ನಾಟಕದಲ್ಲಿ ಅವನಿಗಿದ್ದದ್ದು ಅದೊಂದೇ ಮಾತು ಎಂಬುದನ್ನು ನಾನು ನೋಡಲಿಲ್ಲ. (ನೋಡಿದ್ದರೂ ಎಳೆಯುತ್ತಿದ್ದೆ.) ಕಟ್ಟು ಇಳಕಲ್ಲಿಗೆ ವಾಪಸ್ ಹೋಯಿತು.

ಅಷ್ಟಕ್ಕೇ ಸುಮ್ಮನಾಗುವ ಜಾತಿಯೇ ನನ್ನದು? ಅದಕ್ಕೂ ಮೊದಲೊಮ್ಮೆ ಇಳಕಲ್ಲಿಗೆ ಹೋಗಿ ಅವರ ತಾಲೀಮು ನೋಡಿ ಬಂದಿದ್ದೆ. ಅದರ ಮಿಮಿಕ್ರಿಯನ್ನು ಆಫೀಸಿನಲ್ಲಿ ಶುರು ಹಚ್ಚಿಕೊಂಡೆ. ಮಾಸ್ತರರ ಕೆಮ್ಮು ಆಯಿತು, ಇನ್ಸ್‌ಪೆಕ್ಟರನ ಹೊಟ್ಟೆ ಆಯಿತು, ಪೇದೆಯ ದನಿಗೆ ಬಂದೆ. ಪೇದೆ ಈರಣ್ಣ ಪವರ್‌ಲೂಮ್ ನಡೆಸುವವನು. ಹಗಲೆಲ್ಲ ಮಗ್ಗದ ಸದ್ದಿನ ಮೇಲೆ ಮಾತಾಡಿ ರೂಢಿ. ಅವನ ಪಿಸುಮಾತು ಕೂಡ ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ. ಅದೇ ದನಿಯಲ್ಲಿ "ಸಾಹೇಬ್ರ..." ಎಂದು ಕಿರುಚಿದೆ. ನಗುತ್ತಿದ್ದವರೆಲ್ಲ ಯಾಕೋ ಒಮ್ಮೆಗೇ ಕಂಪ್ಯೂಟರ್ ಕಡೆ ಮುಖ ಮಾಡಿದರು.

ಹಿಂದೆ ತಿರುಗಿದರೆ ಬಾಗಿಲಲ್ಲಿ ಸಾಕ್ಷಾತ್ ಈರಣ್ಣ.

"ಛಲೋ ಮಾಡ್ತೀರಿ ಸರ್" ಅಂದ. "ಆದ್ರ ಆ ಮಾತು ನನ್ನದರಿ. ವಾಪಸ್ ಕೊಡ್ರಿ."

ಇಳಕಲ್ಲಿನಿಂದ ಬಸ್ ಹತ್ತಿ ಬಂದಿದ್ದ. ಮೊದಲು ಹಳೇ ಊರಿನಲ್ಲಿ ನಾವು ಎಂದೋ ಖಾಲಿ ಮಾಡಿದ್ದ ಆಫೀಸಿಗೆ ಹೋಗಿ, ಅಲ್ಲಿ ಬಾಗಿಲೂ ಇಲ್ಲ ಬೋರ್ಡೂ ಇಲ್ಲ ಎಂದು ನೋಡಿ, ನವನಗರದಲ್ಲಿ ಸೆಕ್ಟರ್ ಸೆಕ್ಟರ್ ಕೇಳುತ್ತ ನಮ್ಮನ್ನು ಹುಡುಕಿದ್ದ. ಒಂದು ಸಾಲಿಗಾಗಿ.

"ಅದ ಮಾತು ಇನ್ಸ್‌ಪೆಕ್ಟರ್ ಹೇಳ್ತಾನಲ್ಲೊ ಈರಣ್ಣ" ಅಂದೆ.

"ಹಂಗಾರ ಅಂವಂದು ಹೊಡೀರಿ."

"ನೀ ಹೆಂಗೂ ಸ್ಟೇಜ್ ಮ್ಯಾಲ ಇರ್ತೀ. ಡ್ರೆಸ್ ಐತಿ, ಲಾಠಿ ಐತಿ, ಸೆಲ್ಯೂಟ್ ಐತಿ. ಇನ್ನೇನು ಬೇಕು?"

"ಬಾಯಿ ಬೇಕ್ರಿ."

ಆಮೇಲೆ ವಿಷಯ ಬಿಚ್ಚಿದ. ಅವನ ಮಾವನದು ಕುಳಗೇರಿ ಕ್ರಾಸ್‌ನಲ್ಲಿ ಚಹಾದಂಗಡಿ. "ಅವರ ಮನಿಯಾಗ ನಾ ಬಾಯಿ ತಗದ್ರ ಸಾಕ್ರಿ, ಸಾವಕಾಶ ಮಾತಾಡಪಾ, ಇದೇನು ಮಗ್ಗದ ಮನಿ ಅಲ್ಲ ಅಂತಾರ. ಅದಕ್ಕ ಬಾಯಿ ಮುಚ್ಚಿದೆ. ಈಗ ಬಾಯಾಗ ನೀರು ತುಂಬಿಕೊಂಡ ಅಳ್ಯಾ ಅಂತ ಹೆಸರಿಟ್ಟಾರ. ಮಾಂವ ನಾಟಕ ನೋಡಾಕ ಮಂದಿ ಕಟಗೊಂಡು ಬರಾಕತ್ತಾರ. ಅವತ್ತೊಂದಿನ ನಾ ಜೋರ್ ಮಾತಾಡ್ಬೇಕು, ಅವರು ಸುಮ್ನ ಕುಂತು ಕೇಳ್ಬೇಕು. ಇಷ್ಟರಿ."

ಮೂಲೆಯಲ್ಲಿ ಪ್ರೂಫ್ ನೋಡುತ್ತಿದ್ದ ನಮ್ಮ ಹಿರಿಯರು ಪಾಟೀಲ ಸರ್ ಕನ್ನಡಕ ಏರಿಸಿದರು. "ಲೇ, ಸ್ಟೆಟ್ ಹಾಕಿ ಕೊಡು."

"ಹೂಂ ಸರ್" ಅಂದೆ. (ಸ್ಟೆಟ್ ಅಂದರೆ ಏನೆಂದು ಗೊತ್ತಿರಲಿಲ್ಲ.) ಅವರಿಗೆ ಅದೂ ಗೊತ್ತಾಗಿ, ಈರಣ್ಣನ ಮುಂದೆಯೇ ಪಾಠ ಮಾಡಿದರು.

ಸ್ಟೆಟ್ ಎನ್ನುವುದು ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬಂದ ಪದ. ಅರ್ಥ, ಇರಲಿ ಬಿಡು. ತಿದ್ದುವವನು ಒಂದು ಮಾತನ್ನು ಹೊಡೆದುಹಾಕಿ ಆಮೇಲೆ ಮನಸ್ಸು ಬದಲಿಸಿದರೆ, ಆ ಮಾತಿನ ಕೆಳಗೆ ಸಾಲಾಗಿ ಚುಕ್ಕೆ ಇಟ್ಟು ಅಂಚಿನಲ್ಲಿ ಸ್ಟೆಟ್ ಎಂದು ಬರೆಯುತ್ತಾನೆ. ಗೆರೆ ಲೆಕ್ಕಕ್ಕಿಲ್ಲ, ಮಾತು ಇದ್ದ ಹಾಗೇ ಇರಲಿ ಎಂದು ಅಚ್ಚಿನವನಿಗೆ ಅಪ್ಪಣೆ. "ಈ ಸಾಲು ಸ್ಟೆಟ್" ಅನ್ನಬಹುದು. "ಇದನ್ನ ಸ್ಟೆಟ್ ಮಾಡು" ಅಂತಲೂ ಅನ್ನಬಹುದು.

ಅಂದರೆ ಕಂಪ್ಯೂಟರಿನ ಅನ್‌ಡೂ ತಾನೆ ಅಂದೆ. ಅಲ್ಲವಂತೆ. ಅನ್‌ಡೂ ಒತ್ತಿದರೆ ನೀವು ಹೊಡೆದದ್ದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ, ಸಭ್ಯಸ್ಥರಾಗಿ ಕೂತಿರಬಹುದು. ಸ್ಟೆಟ್‌ನಲ್ಲಿ ಗೆರೆಯೂ ಕಾಣುತ್ತದೆ, ಚುಕ್ಕೆಯೂ ಕಾಣುತ್ತದೆ. ನೀವು ಸೋತದ್ದು ಕಾಗದದ ಮೇಲೆಯೇ ಇರುತ್ತದೆ. ಯಾರಿಗೆ ಬೇಕಾಗಿದೆ ಇಂಥ ಪದ?

ನನಗಂತೂ ಬೇಡವಾಗಿತ್ತು. ನಾನೂ ಹಟದವನೇ. "ಭಾನುವಾರ ತಾಲೀಮಿಗೆ ಬರ್ತೇನಿ. ಆ ಮಾತಿಲ್ದನ ನೋಡೋಣು" ಎಂದು ಈರಣ್ಣನನ್ನು ಸಾಗಹಾಕಿದೆ.

ಆದರೆ ಆ ಪದ ಬೆನ್ನು ಬಿಡಲಿಲ್ಲ. ಕೈ ತೊಳೆಯುತ್ತಿರುವವನಿಗೆ ನಾವು "ಊಟ ಆತೇನ್ರಿ?" ಅನ್ನುತ್ತೇವೆ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವನಿಗೆ "ಹೊಂಟ್ರೇನು?" ಅನ್ನುತ್ತೇವೆ. ಬಾಗಿಲಲ್ಲಿ ನಿಂತವನಿಗೆ "ಬಂದ್ರೇನು?" ಅನ್ನುತ್ತೇವೆ. ಇದರಲ್ಲಿ ಹೊಸ ಸುದ್ದಿ ಏನಿದೆ? ನನ್ನ ಪೆನ್ನು ಓಡಾಡಿದರೆ ಬಾಗಲಕೋಟೆಯಿಂದ ಬಾದಾಮಿಯವರೆಗೆ ಒಬ್ಬರೂ ಮಾತಾಡುವ ಹಾಗಿಲ್ಲ.

ಭಾನುವಾರ ಇಳಕಲ್ಲಿಗೆ ಹೋದೆ. ಮೂರನೇ ಅಂಕ ಶುರುವಾಯಿತು. ಈರಣ್ಣ ಬಂದ. ಸೆಲ್ಯೂಟ್ ಹೊಡೆದ. ನಿಂತ. ಇನ್ಸ್‌ಪೆಕ್ಟರ್ ತನ್ನ ಮಾತು ಮುಗಿಸಿದ. ಪೇದೆ ಒಳಗೆ ಹೋಗಬೇಕು. ಹೋಗಲಿಲ್ಲ.

"ಒಳಗ ಸರಿಯೋ ಈರಣ್ಣ, ಮುಂದಿನ ಸೀನ್ ಐತಿ" ಅಂದರು ಮಾಸ್ತರು.

"ನಂದಿನ್ನೂ ಮುಗದಿಲ್ರಿ."

ಹಾರ್ಮೋನಿಯಂ ನಿಂತಿತು. ನಾಯಕಿಯ ಪಾರ್ಟಿನವನು ಸೆರಗು ಬಿಚ್ಚಿಟ್ಟು ಬೀಡಿ ಹಚ್ಚಿದ. ಕಳ್ಳ ಚಹಾಕ್ಕೆ ಹೋದ. ಈರಣ್ಣ ಸೆಲ್ಯೂಟ್ ಇಳಿಸಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ಕೊನೆಗೆ ಮಾಸ್ತರರ ಕೈಯಿಂದ ಆ ಪುಟ ಇಸಿದುಕೊಂಡು ಚುಕ್ಕೆ ಇಟ್ಟೆ, ಅಂಚಿನಲ್ಲಿ ಸ್ಟೆಟ್ ಎಂದೂ ಬರೆದೆ. ಕನಿಕರದಿಂದ ಅಲ್ಲ, ದೊಡ್ಡ ಮನಸ್ಸಿನಿಂದಲೂ ಅಲ್ಲ. ಅದಕ್ಕೆ ಮೊದಲು ನಾನು ಸ್ಟೇಜಿನ ಹತ್ತಿರ ಹೋಗಿ, ಇದ್ದಬದ್ದ ಜಾಣತನವನ್ನೆಲ್ಲ ಒಟ್ಟು ಮಾಡಿ, "ಈರಣ್ಣ, ನಿನ್ನ ಮಾತು ಇಲ್ಲಂದ್ರೂ ನಾಟಕ ನಡೀತೈತೊ" ಅಂದಿದ್ದೆ.

ಅವನು ಸೆಲ್ಯೂಟ್ ಹಿಡಿದೇ, ಮಗ್ಗದ ದನಿಯಲ್ಲಿ ಅಂದ: "ನೀವು ಇಲ್ಲಂದ್ರೂ ಪೇಪರ್ ನಡೀತೈತ್ರಿ ಸರ್. ಹಂಗಂತ ನಿಮ್ಮ ಮ್ಯಾಲ ಯಾರರ ಕೆಂಪು ಗೆರಿ ಎಳದಾರೇನ್ರಿ?"