ಹತ್ತು ಸಾವಿರದಿಂದ ಏಳು ಹೆಜ್ಜೆ ಆಚೆ

ಮೊನ್ನೆ ತಮ್ಮನ ಮಗಳ ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಆ ತಣ್ಣನೆಯ ಕಲ್ಲಿನ ವಾಸನೆ ಮೂಗಿಗೆ ತಾಕಿದ್ದೇ ತಡ, ರಾಜಾಜಿನಗರದ ನಮ್ಮ ಎದುರು ಮನೆ ಟೀಚರ್ ನೆನಪಾದರು...

ಹುಡುಗಿಯರ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ೧೯೭೩ರಲ್ಲಿ ಅವರು ನಿವೃತ್ತರಾದ ದಿನ ಜೊತೆಯ ಗಣಿತದ ಟೀಚರೊಬ್ಬರು ಹಾರದ ಬದಲು ಒಂದು ಸಂಖ್ಯೆ ಕೊಟ್ಟರಂತೆ: ೧೦,೦೧,೬೦,೦೬೩. "ಇದು ಒಡೆಯುತ್ತಾ ನೋಡಿ" ಎಂದರಂತೆ. ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದಿದ್ದರೆ ಅದು ಅವಿಭಾಜ್ಯ. ಟೀಚರ್ ಶಾಲೆಯಲ್ಲಿ ಇಬ್ಬರೂ ಬಳಸುತ್ತಿದ್ದ ಹಳೆಯ ಪುಸ್ತಕವೊಂದರ ಕೊನೆಯಲ್ಲಿದ್ದ ಅವಿಭಾಜ್ಯಗಳ ಪಟ್ಟಿ ಹಿಡಿದು, ಒಂದೊಂದರಿಂದಲೂ ಸ್ಲೇಟಿನ ಮೇಲೆ ಭಾಗಿಸುತ್ತಾ ಹೋದರು. ಕಾಲೇಜಿನಿಂದ ಬಂದ ಮೇಲೆ ನಾನೂ ಕೂರುತ್ತಿದ್ದೆ. ಯಾವ ದಿನ ಎಲ್ಲಿಯವರೆಗೆ ಬಂದೆವೆಂದು ನನ್ನ ಡೈರಿಯಲ್ಲಿ ಗುರುತಿಡುತ್ತಿದ್ದೆ.

ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಆಪರೇಷನ್‌ಗೆ ದಿನ ಕೊಟ್ಟಿದ್ದರು, ಭರವಸೆ ಕೊಟ್ಟಿರಲಿಲ್ಲ. ಅಷ್ಟರೊಳಗೆ ತಮ್ಮ ಕಣ್ಣಲ್ಲೇ ಉತ್ತರ ನೋಡಬೇಕೆಂಬುದು ಅವರ ಹಟ.

ಮದುವೆಯಾಗದ ಟೀಚರ್ ಜೊತೆ ಅವರ ಅಕ್ಕ ಇದ್ದರು. ಅವರೆಕಾಯಿ ಸುಲಿಯುತ್ತಾ, "ನಿನ್ ನಂಬರ್ರೂ ನಿನ್ ಹಾಗೇ ಕಣೇ, ಬಂದ ಗಂಡುಗಳನ್ನೆಲ್ಲಾ ವಾಪಸ್ ಕಳಿಸ್ತಾ ಇದೆ" ಅನ್ನುತ್ತಿದ್ದರು.

"ನೀನ್ ಒಪ್ಕೊಂಡು ಏನ್ ಮಹಾ ಸುಖ ಪಟ್ಟೆ, ಸುಮ್ನೆ ಕಾಳು ಬಿಡಿಸು" ಎಂದು ಟೀಚರ್ ತಲೆ ಎತ್ತದೆ ಹೇಳುತ್ತಿದ್ದರು.

ಆಪರೇಷನ್‌ಗೆ ಎರಡು ದಿನ ಇರುವಾಗ ಪಟ್ಟಿ ಮುಗಿಯಿತು. ಕೊನೆಯದು ೯೯೭೩, ಅದಕ್ಕೂ ಶೇಷ ಉಳಿಯಿತು. ಸಂಖ್ಯೆಯ ವರ್ಗಮೂಲದವರೆಗೆ ನೋಡಿದರೆ ಸಾಕು. ಹತ್ತು ಕೋಟಿಯ ವರ್ಗಮೂಲ ಹತ್ತು ಸಾವಿರ. ಅವಿಭಾಜ್ಯವೇ ಎಂದು ತೀರ್ಮಾನಿಸಿ ಟೀಚರ್ ನಮ್ಮ ಸಾಲಿನ ಮನೆಗಳಿಗೆಲ್ಲ ಸಜ್ಜಿಗೆ ಹಂಚಿಸಿದರು.

ರಾತ್ರಿ ಡೈರಿಯಲ್ಲಿ ಆ ಸಂಖ್ಯೆಯನ್ನು ಪೂರ್ತಿಯಾಗಿ ಬರೆಯುವಾಗ ನನ್ನ ಪೆನ್ನು ನಿಂತಿತು. ಅದು ಹತ್ತು ಕೋಟಿಯಲ್ಲ, ಒಂದು ಲಕ್ಷ ಚಿಲ್ಲರೆ ಹೆಚ್ಚು. ಅಂದರೆ ೧೦,೦೦೮ರವರೆಗೆ ನೋಡಬೇಕಿತ್ತು. ಪುಸ್ತಕದ ಪಟ್ಟಿ ಹತ್ತು ಸಾವಿರಕ್ಕೇ ನಿಂತಿತ್ತು...

ಮಾರನೆಯ ಸಂಜೆ ಹೋಗಿ ಹೇಳಿದೆ. ಅವರ ಮುಖ ಇಳಿಯಿತು. "ಸ್ಲೇಟ್ ತಗೊಂಡ್ ಬಾ" ಎಂದರು. ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು. ೧೦,೦೦೧ನ್ನು ೭೩ ಒಡೆಯುತ್ತದೆ, ೧೦,೦೦೩ನ್ನು ೭. ೧೦,೦೦೫ ಐದರ ಮಗ್ಗಿಯದು. ಉಳಿದದ್ದು ೧೦,೦೦೭ ಒಂದೇ. ಸ್ಲೇಟನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಅವರೇ ಭಾಗಿಸಿದರು. ಬಂದದ್ದು ೧೦,೦೦೯. ಶೇಷ ಸೊನ್ನೆ.

ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕಳ್ಳಿ, ಈ ನಂಬರ್ ಕೊಟ್ಟೋಳು. ನಮ್ ಪುಸ್ತಕ ಎಲ್ಲಿ ಮುಗಿಯುತ್ತೆ ಅಂತ ನೋಡ್ಕೊಂಡು, ಅಲ್ಲಿಂದಾಚೆಗೇ ಬಚ್ಚಿಟ್ಟಿದಾಳೆ."

"ಮತ್ತೆ ಆ ಸಜ್ಜಿಗೆ?" ಎಂದು ಅಡುಗೆಮನೆಯಿಂದ ಅಕ್ಕ ಕೇಳಿದರು.

"ತಿಂದಿದ್ ತಿಂದಾಯ್ತು. ವಾಪಸ್ ಕೇಳಕ್ಕಾಗುತ್ತಾ?"

ಆಪರೇಷನ್ ಫಲಿಸಲಿಲ್ಲ. ಆಮೇಲಿನ ವರ್ಷಗಳಲ್ಲಿ ನಾನು ಸಂಖ್ಯೆಗಳನ್ನು ಓದಿ ಹೇಳುತ್ತಿದ್ದೆ, ಅವರು ಬಾಯಲ್ಲೇ ಭಾಗಿಸುತ್ತಿದ್ದರು. ಕಳೆದ ಮಾಘದಲ್ಲಿ ತೀರಿಹೋದರು. ಎದುರು ಮನೆಗೆ ಬೇರೆಯವರು ಬಂದಿದ್ದಾರೆ.

ಅವರು ಕಣ್ಣಾರೆ ಓದಿದ ಕೊನೆಯ ಅಂಕಿ ಆ ಸೊನ್ನೆ. ಉತ್ತರ ಸರಿಯಾಗಿತ್ತು, ಅಷ್ಟು ಸಾಕು ಅಂದುಕೊಳ್ಳುತ್ತೇನೆ. ಆದರೂ ಕೆಲವು ಸಂಜೆ ಕಾಫಿ ಮುಗಿಸಿ, ಚಪ್ಪಲಿ ಮೆಟ್ಟಿ, ಗೇಟಿನವರೆಗೆ ಹೋಗಿರುತ್ತೇನೆ... ಆಮೇಲೆ ಒಳಗೆ ಬರುತ್ತೇನೆ.