ಕಾಗದದೊಳಗೆ ಸಿಕ್ಕಿಕೊಂಡದ್ದು

ಜ್ವರ ಬಂದ ಮಕ್ಕಳು ಏನೇನೋ ಕನವರಿಸುತ್ತವೆ, ಅದಕ್ಕೆಲ್ಲ ಅರ್ಥ ಹುಡುಕುತ್ತ ಕೂರುವುದು ಕೆಲಸವಿಲ್ಲದವರ ಚಟ ಎಂದು ನಾನು ನಂಬಿದ್ದೆ. ದೆವ್ವ, ದೃಷ್ಟಿ, ಶಕುನ ಯಾವುದನ್ನೂ ಹತ್ತಿರ ಬಿಟ್ಟುಕೊಂಡವನಲ್ಲ. ಈಗಲೂ ಅವನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ಎಂಬತ್ತರ ದಶಕದ ಕೊನೆಯಲ್ಲಿ, ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯಲ್ಲಿ ನಡೆದದ್ದನ್ನು ಹಾಗೆಯೇ ನಿಮ್ಮ ಮುಂದಿಡುತ್ತೇನೆ. ನೀವೇ ಏನಾದರೂ ಅಂದುಕೊಳ್ಳಿ.

ಆಗ ನನಗೆ ಕಾಗದ ಮಡಚುವ ಹುಚ್ಚಿತ್ತು. ಕೊಕ್ಕರೆ, ಕಪ್ಪೆ, ಮೀನು ಎಲ್ಲ ಮುಗಿದು ಕಷ್ಟದ್ದೇನಾದರೂ ಬೇಕೆನಿಸುತ್ತಿತ್ತು. ನಮ್ಮ ಕಾರ್ಖಾನೆಯಿಂದ ತರಬೇತಿಗೆಂದು ಜಪಾನಿಗೆ ಹೋಗಿದ್ದ ಗೆಳೆಯ ಶಿವಣ್ಣ ಬರುವಾಗ ನನಗೊಂದು ಹಾಳೆ ತಂದುಕೊಟ್ಟ. ಅದರಲ್ಲಿ ಒಂದು ಚೌಕ, ಚೌಕದ ತುಂಬ ಗೆರೆಗಳು, ಅಷ್ಟೇ. ಮಡಚಿ ಮುಗಿಸಿದ ಆಕೃತಿಯನ್ನು ಪೂರ್ತಿ ಬಿಚ್ಚಿ ಹರಡಿದರೆ ಕಾಗದದ ಮೇಲೆ ಉಳಿಯುವ ಗುರುತುಗಳು ಅವು. ಮೊದಲು ಯಾವುದು, ಆಮೇಲೆ ಯಾವುದು ಎಂಬ ಸುಳಿವಿಲ್ಲ. ಗೆರೆಗಳನ್ನೆಲ್ಲ ಮಡಚಿ ಗುರುತು ಮಾಡಿಕೊಂಡು, ಆಮೇಲೆ ಎಲ್ಲವೂ ಒಟ್ಟಿಗೇ ಒಳಕ್ಕೆ ಕುಸಿಯುವಂತೆ ಒತ್ತಬೇಕು. ಕೊನೆಗೆ ಏನಾಗುತ್ತದೆಂದು ತಿಳಿಯಲು ಚಿತ್ರವೂ ಇರಲಿಲ್ಲ.

"ಏನೋ ಪ್ರಾಣಿ ಅಂದ್ರು ಕಣೋ. ಯಾವ್ದು ಅಂತ ನಂಗೂ ಅರ್ಥ ಆಗ್ಲಿಲ್ಲ" ಎಂದಿದ್ದ ಶಿವಣ್ಣ.

ಎಷ್ಟೋ ಭಾನುವಾರಗಳು ಅದಕ್ಕೆ ಹೋದವು. ಪ್ರತಿ ಸಲವೂ ಕಾಗದ ಮಧ್ಯದಲ್ಲಿ ದಪ್ಪ ಗಂಟಾಗಿ ನಿಂತುಬಿಡುತ್ತಿತ್ತು.

ಹೀಗಿರುವಾಗ ನಮ್ಮ ಮಗಳು ರೂಪಾ ಜ್ವರದಿಂದ ಮಲಗಿದಳು. ಇನ್ನೂ ಶಾಲೆಗೆ ಸೇರಿರದ ಮಗು. ಮಾಗಡಿ ರಸ್ತೆಯ ಡಾಕ್ಟರು ಔಷಧ ಬದಲಿಸಿದರೂ ಜ್ವರ ಇಳಿಯಲಿಲ್ಲ. "ಸಂಜೆವರೆಗೂ ನೋಡೋಣ. ಇಳೀಲಿಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಸೇರಿಸ್ಬಿಡಿ" ಎಂದರು. ಅವಳು ಕಣ್ಣು ತೆರೆಯುತ್ತಿರಲಿಲ್ಲ, ನೀರು ಕುಡಿಸಿದರೆ ಉಗುಳುತ್ತಿದ್ದಳು. ಆ ಮಧ್ಯಾಹ್ನ ನನ್ನ ಹೆಂಡತಿ ಲಲಿತಾ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಳು. ಸುಮ್ಮನೆ ನೋಡುತ್ತ ಕೂರಲಾಗದೆ ನಾನು ಕಿಟಕಿಯ ಬಳಿಯ ಮೇಜಿಗೆ ಹೋಗಿ ಆ ಕಾಗದವನ್ನು ಎತ್ತಿಕೊಂಡೆ.

ಮತ್ತೆ ಅದೇ ಗಂಟು. ಒತ್ತುತ್ತ ಕೂತಿದ್ದಾಗ ರೂಪಾಳ ದನಿ ಕೇಳಿತು.

"ಅಪ್ಪಾ, ಅದರ ಕಾಲು ಒಳಗಡೆ ಸಿಕ್ಕಾಕೊಂಡಿದೆ."

ತಿರುಗಿ ನೋಡಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣು ಮುಚ್ಚಿಯೇ ಇತ್ತು.

"ಯಾವುದರ ಕಾಲು ಪುಟ್ಟಾ?" ಎಂದು ಲಲಿತಾ ಬಗ್ಗಿ ಕೇಳಿದಳು.

"ಏಡಿದು. ಅಪ್ಪ ಹಿಸುಕ್ತಾ ಇದಾರೆ. ಕೆಳಗಿಂದ ಬಿಡಿಸ್ಬೇಕು."

ಲಲಿತಾ ನನ್ನ ಮುಖ ನೋಡಿದಳು. ಕನವರಿಕೆ ಎಂದೇ ನಾನು ಅಂದುಕೊಂಡೆ. ಆದರೂ ಒತ್ತುವುದನ್ನು ಬಿಟ್ಟು, ಕಾಗದವನ್ನು ಮಗುಚಿ, ಗಂಟಿನ ಕೆಳಗಿನ ಪದರಕ್ಕೆ ಉಗುರು ತೂರಿಸಿ ಮೆಲ್ಲಗೆ ಎಳೆದೆ. ಒಂದು ಚೂಪು ತುದಿ ಹೊರಗೆ ಬಂತು. ಅದರ ಹಿಂದೆಯೇ ಪಕ್ಕದ್ದು ಸಡಿಲವಾಯಿತು. ನೋಡನೋಡುತ್ತಿದ್ದಂತೆ ಇಡೀ ಕಾಗದ ತಾನಾಗಿಯೇ ಎಂಬಂತೆ ಒಳಕ್ಕೆ ಮಡಚಿಕೊಂಡಿತು. ಎರಡು ಬದಿಗೂ ಕಾಲುಗಳು, ಮುಂದೆ ಇಕ್ಕಳದಂಥ ಕೈಗಳು. ಏಡಿಯೇ.

ನಾನು ಬಾಯಿ ಬಿಡಲಿಲ್ಲ. ಸದ್ದಾಗದಂತೆ ಅದನ್ನು ಮೇಜಿನ ಮೇಲಿಟ್ಟೆ.

"ಹಾಂ, ಈಗ ಸರಿಯಾಯ್ತು" ಎಂದಳು ರೂಪಾ, ಗೋಡೆಯ ಕಡೆಗೇ ಮುಖ ಮಾಡಿಕೊಂಡು.

ಸ್ವಲ್ಪ ಹೊತ್ತಿಗೆ ಲಲಿತಾ ಕರೆದಳು. "ಇಲ್ಲಿ ಬನ್ರೀ, ಮುಟ್ಟಿ ನೋಡಿ." ಮಗುವಿನ ಕುತ್ತಿಗೆ, ಬೆನ್ನು ಎಲ್ಲ ಬೆವರಿನಿಂದ ತೊಯ್ದಿದ್ದವು. ಹಣೆ ತಣ್ಣಗಿತ್ತು. ಸೆರಗಿನಿಂದ ಬೆವರು ಒರೆಸುತ್ತಲೇ ಲಲಿತಾ ಅಳತೊಡಗಿದಳು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮನಸ್ಸು ಅಷ್ಟು ಹಗುರವಾದದ್ದು ಆಮೇಲೆ ಎಂದೂ ಇಲ್ಲ.

ಬದಲಿಸಿದ ಔಷಧ ಹಿಡಿಯಿತು ಎಂದರು ಡಾಕ್ಟರು. ಜ್ವರದ ಮಟ್ಟಿಗೆ ನನಗೂ ಅನುಮಾನವಿಲ್ಲ. ಆದರೆ ಏಡಿ? ಕಾಗದದ ಸದ್ದು ಕೇಳಿ ನಾನು ಮಡಚುತ್ತಿದ್ದೇನೆಂದು ಮಗು ಊಹಿಸಿರಬಹುದು. ಒಳಗಿರುವುದು ಏನು, ಎಲ್ಲಿ ಸಿಕ್ಕಿದೆ ಎಂಬುದನ್ನು ಹೇಗೆ ಊಹಿಸೀತು? ನನಗೇ ಗೊತ್ತಿಲ್ಲದ್ದನ್ನು ನನ್ನ ಬಾಯಿಂದ ಕೇಳಿರುವ ಹಾಗೂ ಇಲ್ಲ. ರೂಪಾ ಎದ್ದು ಕೂತು ಗಂಜಿ ಕುಡಿದ ಮೇಲೆ ಆ ಕಾಗದದ ಏಡಿಯನ್ನು ಅವಳ ಅಂಗೈಯಲ್ಲಿಟ್ಟೆ. ತಿರುಗಿಸಿ ತಿರುಗಿಸಿ ನೋಡಿ, "ಇದೇನಪ್ಪಾ, ಜೇಡಾನಾ?" ಎಂದಳು.

ಈ ಮಾತೆತ್ತಿದರೆ ಲಲಿತಾ, "ಹುಷಾರಾದ್ಲಲ್ಲ, ಅಷ್ಟು ಸಾಕು ಬಿಡಿ" ಎನ್ನುತ್ತಾಳೆ. ನನಗೂ ಅಷ್ಟು ಸಾಕು. ಹೇಗಾಯಿತು ಎಂಬುದು ಮಾತ್ರ ಇವತ್ತಿಗೂ ಗೊತ್ತಿಲ್ಲ.